ಕ್ಯಾಮೆರಾ ಹಿಡಿಯದವರೂ ಸಿನಿಮಾ ಓದಬಹುದು

ಕಾಮರ್ಸ್ ಪದವಿ ಮುಗಿಸಿದ್ದೀರಿ, ಕ್ಯಾಮೆರಾ ಹಿಡಿದೇ ಇಲ್ಲ, ಸಿನಿಮಾ ಅಧ್ಯಯನದಲ್ಲಿ ಎಂ.ಎ. ಮಾಡಬಹುದೇ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಆದರೆ ಇದು ನಿಮ್ಮನ್ನು ನಿರ್ದೇಶಕರನ್ನಾಗಿ ಮಾಡುತ್ತದೆ ಅಂದುಕೊಂಡು ಸೇರಬೇಡಿ, ನಿರ್ಮಾಣ ಕಲಿಸುವ ಕೋರ್ಸ್‌ಗಳೇ ಬೇರೆ. ಇಲ್ಲಿ ನೋಡುವುದು, ಓದುವುದು, ಬರೆಯುವುದೇ ಕೆಲಸ. ಓದಬೇಕಾದ ಲೇಖನಗಳು ಮೊದಮೊದಲು ನಿಜಕ್ಕೂ ಕಷ್ಟ.

ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯಲು ಹೀಗೆ ಮಾಡಿ. ಇಷ್ಟದ ಚಿತ್ರದ ಮೂರು ನಿಮಿಷದ ದೃಶ್ಯವೊಂದನ್ನು ಶಬ್ದ ಬಂದ್ ಮಾಡಿ ನೋಡಿ. ಒಂದೊಂದು ಶಾಟ್ (ನಡುವೆ ಕತ್ತರಿಸದೆ ಒಂದೇ ಸಮ ಓಡುವ ತುಣುಕು) ಎಷ್ಟು ಸೆಕೆಂಡು, ಕ್ಯಾಮೆರಾ ಎಲ್ಲಿದೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಎಲ್ಲ ಬರೆದಿಡಿ. ಆಮೇಲೆ ಕಣ್ಣು ಮುಚ್ಚಿ ಬರೀ ಶಬ್ದ ಕೇಳಿ. ಮಾತು ಒಬ್ಬರದು, ತೆರೆಯ ಮೇಲಿನ ಮುಖ ಇನ್ನೊಬ್ಬರದು, ಅಂಥ ಕಡೆ ಸಿಕ್ಕರೆ ಅಲ್ಲೇ ನಿಲ್ಲಿ. ಆ ಮುಖವನ್ನೇ ಯಾಕೆ ತೋರಿಸಿದರು ಅಂತ ಎರಡು ಪುಟ ಬರೆಯಿರಿ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಅದೇ ಮುಖವನ್ನು ಬೇರೆ ಬೇರೆ ದೃಶ್ಯಗಳ ಪಕ್ಕ ಜೋಡಿಸಿ ಹುಡುಕಿದ್ದೂ ಇದನ್ನೇ: ಎರಡು ಶಾಟ್‌ಗಳ ನಡುವೆ ಅರ್ಥ ಹೇಗೆ ಹುಟ್ಟುತ್ತದೆ?

ಬರೆಯುತ್ತ ಹೊತ್ತು ಹೋದದ್ದೇ ತಿಳಿಯಲಿಲ್ಲವಾದರೆ ಅರ್ಜಿ ಹಾಕಿ. ಬರವಣಿಗೆಯ ಮಾದರಿ ಕೇಳಿದರೆ ಆ ಎರಡು ಪುಟವನ್ನೇ ತಿದ್ದಿ, ಬೆಳೆಸಿ ಕಳಿಸಿ. ಅರ್ಜಿಯಲ್ಲಿ ಚಿಕ್ಕಂದಿನಿಂದ ಸಿನಿಮಾ ಹುಚ್ಚು ಅಂತ ಬರೆಯುವುದರ ಬದಲು, ನಿಮ್ಮನ್ನು ಕಾಡುವ ಒಂದೇ ಒಂದು ಪ್ರಶ್ನೆ ಬರೆಯಿರಿ. ಕಾಮರ್ಸ್ ಹಿನ್ನೆಲೆಯನ್ನಂತೂ ದಯವಿಟ್ಟು ಮುಚ್ಚಿಡಬೇಡಿ. ಚಿತ್ರಗಳ ಹಂಚಿಕೆ, ಸ್ಟ್ರೀಮಿಂಗ್ ವೇದಿಕೆಗಳ ಲೆಕ್ಕಾಚಾರ ಕೂಡ ಈ ವಿಷಯದ ಒಳಗೇ ಬರುತ್ತವೆ.