ಟೈಮ್ ಟ್ರಯಲ್‌ಗೆ ಉಳಿದ ನಾಲ್ಕು ದಿನ

ನಮಸ್ಕಾರ. ವಿಜಯಪುರದಲ್ಲಿ ನಿಮ್ಮ ಮೊದಲ ರಾಜ್ಯಮಟ್ಟದ ಸೈಕಲ್ ಟೈಮ್ ಟ್ರಯಲ್‌ಗೆ (ಒಬ್ಬೊಬ್ಬರಾಗಿ ಹೊರಟು ಗಡಿಯಾರದ ವಿರುದ್ಧ ತುಳಿಯುವ ಸ್ಪರ್ಧೆ) ನಾಲ್ಕೇ ದಿನ ಉಳಿದಿರುವಾಗ ಇನ್ನೊಮ್ಮೆ 100 ಕಿಲೋಮೀಟರ್ ತುಳಿಯಬೇಕೇ, ಹೊಸ ಟೈರ್ ಹಾಕಿಸಬೇಕೇ ಎಂದು ಕೇಳಿದ್ದೀರಿ.

ದಯವಿಟ್ಟು 100 ಕಿಲೋಮೀಟರ್ ತುಳಿಯಬೇಡಿ. ಈಗಿನ ಶ್ರಮದ ಫಲ ದೇಹಕ್ಕೆ ದಕ್ಕಲು ಒಂದೆರಡು ವಾರವಾದರೂ ಬೇಕು, ದಣಿವು ಮಾತ್ರ ಸ್ಪರ್ಧೆಯ ದಿನಕ್ಕೆ ಉಳಿದುಬಿಡುತ್ತದೆ. ದಿನನಿತ್ಯದ ದೂರವನ್ನು ಅರ್ಧಕ್ಕೆ ಇಳಿಸಿ, ಆದರೆ ವೇಗದ ಅಭ್ಯಾಸವನ್ನು ಪೂರ್ತಿ ಬಿಡಬೇಡಿ. ಹಿಂದಿನ ದಿನ 40 ನಿಮಿಷ ಹಗುರವಾಗಿ ತುಳಿಯುತ್ತಾ, ನಡುವೆ ಮೂರ್ನಾಲ್ಕು ಬಾರಿ ಒಂದೊಂದು ನಿಮಿಷ ಸ್ಪರ್ಧೆಯ ವೇಗಕ್ಕೆ ಏರಿದರೆ ಕಾಲುಗಳು ಚುರುಕಾಗಿಯೇ ಇರುತ್ತವೆ.

ಟೈರ್ ಬದಲಿಸುವುದಾದರೆ ಇಂದೇ ಬದಲಿಸಿ, 20–30 ಕಿಲೋಮೀಟರ್ ಓಡಿಸಿ ನೋಡಿ. ಒಮ್ಮೆ ಸ್ಪರ್ಧೆಯ ಹಿಂದಿನ ರಾತ್ರಿ ನಾನು ಒದ್ದೆ ಬಟ್ಟೆಯಿಂದ ಟೈರ್ ಒರೆಸುತ್ತಿದ್ದಾಗ, ಅಕ್ಕಿಕಾಳಿಗಿಂತ ಚಿಕ್ಕದಾದ ಗಾಜಿನ ಚೂರೊಂದು ರಬ್ಬರಿನಲ್ಲಿ ಹುದುಗಿದ್ದುದು ಬೆರಳಿಗೆ ತಾಗಿತು; ಅದನ್ನು ಸೂಜಿಯಿಂದ ಕಿತ್ತು ತೆಗೆಯದಿದ್ದರೆ ದಾರಿಯ ಮಧ್ಯದಲ್ಲೇ ಪಂಕ್ಚರ್ ಆಗುತ್ತಿತ್ತೆಂದು ಇಂದಿಗೂ ನಂಬಿದ್ದೇನೆ. ಸೀಟಿನ ಎತ್ತರವನ್ನಂತೂ ಈಗ ಮುಟ್ಟಲೇಬೇಡಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ನಿಯಮದಂತೆ ಸೈಕಲ್ 6.8 ಕಿಲೋಗ್ರಾಂಗಿಂತ ಹಗುರವಾಗಿರಕೂಡದು ಎಂಬುದು ನೆನಪಿರಲಿ.

ಊಟದ ವಿಷಯದಲ್ಲಿ, ಜೋಳದ ರೊಟ್ಟಿ ಮತ್ತು ಕಾಳುಪಲ್ಯ ಎಷ್ಟೇ ಪ್ರಿಯವಾಗಿದ್ದರೂ, ಹಿಂದಿನ ದಿನ ಅವುಗಳನ್ನು ಕಡಿಮೆ ಮಾಡಿ ಅನ್ನ, ಬಾಳೆಹಣ್ಣು ಹೆಚ್ಚಾಗಿ ತಿನ್ನುವುದು ಒಳ್ಳೆಯದು, ಏಕೆಂದರೆ ನಾರಿನಂಶ ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತದೆ.

ನಿಮ್ಮ ಸರದಿಗೆ ತಡವಾಗಿ ಬಂದರೂ ಗಡಿಯಾರ ನಿಗದಿತ ಕ್ಷಣದಿಂದಲೇ ಓಡುವುದರಿಂದ, ಮೈ ಬಿಸಿ ಮಾಡಿಕೊಳ್ಳುವುದನ್ನು ಹತ್ತು ನಿಮಿಷ ಮುಂಚೆಯೇ ಮುಗಿಸಿ ಆರಂಭದ ಸ್ಥಳದ ಬಳಿ ನಿಂತಿರಿ.