ಬದುವಿನ ಜಗಳಕ್ಕೆ 118(1) ಹಾಕಿದ್ದಾರೆ, ತಮ್ಮ ಜೈಲಿಗೆ ಹೋಗ್ತಾನಾ?

ಶಹಾಪುರ ಕಡೆ ಹೊಲದ ಬದುವಿನ ಜಗಳದಲ್ಲಿ ನಿಮ್ಮ ತಮ್ಮನ ಮೇಲೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಕಲಂ 115(2), 118(1), 352, 351(2) ಹಾಕಿದ್ದಾರೆ, ಅರೆಸ್ಟ್ ಆಗ್ತಾನಾ, ಮುಂದೆ ಸರ್ಕಾರಿ ನೌಕರಿಗೆ ತೊಂದರೆನಾ ಅಂತ ಕೇಳಿದ್ದೀರಿ. ಮೊದಲು ಧೈರ್ಯ ತಂದುಕೊಳ್ಳಿ. ಎಫ್‌ಐಆರ್ ಅಂದರೆ ಆರೋಪ ಅಷ್ಟೇ.

ಹೊಡೆದದ್ದು 115(2), ಬೈದದ್ದು 352, ಬೆದರಿಸಿದ್ದು 351(2), ಈ ಮೂರೂ ಜಾಮೀನು ಸಿಗುವ ಕಲಂಗಳೇ. ಗಮನ ಕೊಡಬೇಕಾದದ್ದು 118(1)ಕ್ಕೆ. ಕುಡಗೋಲಿನಂಥ ಅಪಾಯಕಾರಿ ಆಯುಧದಿಂದ ಗಾಯ ಮಾಡಿದರೆ ಇದನ್ನು ಹಾಕುತ್ತಾರೆ. 3 ವರ್ಷದವರೆಗೆ ಜೈಲು, ಇಲ್ಲವೇ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಇದು ಜಾಮೀನುರಹಿತ. ಹಾಗಂತ ಜಾಮೀನೇ ಇಲ್ಲ ಅಂತಲ್ಲ, ಕೋರ್ಟ್ ಕೊಡಬೇಕು. ಯಾದಗಿರಿ ಜಿಲ್ಲಾ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನಿಗೆ, ಅಂದರೆ ಬಂಧನಕ್ಕೆ ಮೊದಲೇ ಪಡೆಯುವ ಜಾಮೀನಿಗೆ, ಅರ್ಜಿ ಹಾಕಿಸಿ.

7 ವರ್ಷದೊಳಗಿನ ಶಿಕ್ಷೆಯ ಕೇಸಿನಲ್ಲಿ ಸಾಮಾನ್ಯವಾಗಿ ಪೊಲೀಸರು ಮೊದಲು ನೋಟಿಸ್ ಕೊಡಬೇಕು. ನೋಟಿಸ್ ಬಂದರೆ ತಮ್ಮ ತಪ್ಪದೆ ಹಾಜರಾಗಲಿ. ಹೆದರಿ ಸುಮ್ನೆ ಬೆಂಗಳೂರಿಗೋ ಪುಣೆಗೋ ಕಳಿಸಬೇಡಿ, ಅದೇ ಬಂಧನಕ್ಕೆ ಕಾರಣ ಆಗುತ್ತದೆ.

ನೌಕರಿ ಅರ್ಜಿಯಲ್ಲಿ ಕೇಸಿನ ಬಗ್ಗೆ ಕೇಳಿದರೆ ಇದ್ದದ್ದು ಬರೆಯಲಿ. ಕೇಸ್ ಇರುವುದಕ್ಕಿಂತ ಮುಚ್ಚಿಟ್ಟದ್ದೇ ಜಾಸ್ತಿ ಹೊಡೆತ ಕೊಡುತ್ತದೆ.

ಊರ ಹಿರಿಯರು ರಾಜಿ ಮಾಡಿಸುತ್ತಾರೆ ಅಂದಿದ್ದೀರಿ, ಒಳ್ಳೆಯದೇ. ಆದರೆ ಪಂಚಾಯಿತಿ ಕಟ್ಟೆಯ ರಾಜಿಯಿಂದ 118(1) ಬಿಟ್ಟುಹೋಗಲ್ಲ. ರಾಜಿ ಪತ್ರ ಇಟ್ಟುಕೊಂಡು ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಕೇಸ್ ರದ್ದತಿ ಕೇಳಬೇಕು. ವಕೀಲರ ಫೀಸಿಗೆ ಕಷ್ಟ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ವಿಚಾರಿಸಿ, ಅರ್ಹತೆ ಇದ್ದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.