ಗ್ರೀನ್ ಕಾರ್ಡ್ ಸಂದರ್ಶನಕ್ಕೆ ಹೋದರೆ ಅಲ್ಲೇ ಹಿಡೀತಾರಾ?

ನಿಮ್ಮ ತಮ್ಮ ಎಚ್-1ಬಿ ಅನ್ನುವ ಕೆಲಸದ ವೀಸಾದಲ್ಲಿ ಅಮೆರಿಕಕ್ಕೆ ಬಂದವನು. ಕೆಲಸ ಹೋಯ್ತು, ಆಮೇಲೆ ಇಲ್ಲಿರಲು ಸಿಗುವ 60 ದಿನದ ಗಡುವೂ ದಾಟಿತು. ಇಲ್ಲಿನ ಪ್ರಜೆಯನ್ನು ಮದುವೆಯಾಗಿ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿದ್ದಾನೆ, ಸಂದರ್ಶನದ ಪತ್ರ ಬಂದಿದೆ. ಎಲ್ಲ ಕಾನೂನು ಪ್ರಕಾರವೇ ಮಾಡ್ತಿರುವಾಗ ಅವನನ್ನೂ ಹಿಡೀತಾರಾ ಅಂತ ಕೇಳಿದ್ದೀರಿ.

ಹಿಡಿಯಬಹುದು. 2025ರ ನವೆಂಬರ್‌ನಲ್ಲಿ ಸ್ಯಾನ್ ಡಿಯಾಗೋದಲ್ಲಿ ಇದೇ ಸಂದರ್ಶನಕ್ಕೆ ಬಂದಿದ್ದ, ವೀಸಾ ಅವಧಿ ಮುಗಿದಿದ್ದ ಕೆಲವರನ್ನು ಐಸಿಇ (ವಲಸೆ ಕಾನೂನು ಜಾರಿ ಮಾಡುವ ಸಂಸ್ಥೆ) ಅಧಿಕಾರಿಗಳು ಅಲ್ಲಿಂದಲೇ ಕರೆದೊಯ್ದರು.

ಅರ್ಜಿಯ ರಸೀದಿ ಅಂದರೆ ರೈಲಿನ ವೇಟಿಂಗ್ ಲಿಸ್ಟ್ ಟಿಕೆಟ್ ಇದ್ದಂತೆ. ದುಡ್ಡು ಕಟ್ಟಿದ್ದಾಗಿದೆ, ಹೆಸರೂ ಪಟ್ಟಿಯಲ್ಲಿದೆ, ಸೀಟು ಮಾತ್ರ ನಮ್ಮದಲ್ಲ. ವೀಸಾದಲ್ಲಿ ಬಂದು ಪ್ರಜೆಯನ್ನು ಮದುವೆಯಾದವರಿಗೆ ಅವಧಿ ಮೀರಿದ್ದು ಗ್ರೀನ್ ಕಾರ್ಡ್‌ಗೆ ಅಡ್ಡಿಯಲ್ಲ. ಆದರೆ ಕಾರ್ಡ್ ಮಂಜೂರಾಗುವವರೆಗೆ ಗಡೀಪಾರಿನ ಪ್ರಕರಣ ಹಾಕೋಕೆ ಅದೊಂದೇ ಕಾರಣ ಸಾಕು. ಮುಂಚೆ ಅಧಿಕಾರಿಗಳು ಸಾಮಾನ್ಯವಾಗಿ ಇದನ್ನು ಕಂಡೂ ಕಾಣದ ಹಾಗೆ ಇರುತ್ತಿದ್ದರು. ಈಗ ಆ ಭರವಸೆ ಇಲ್ಲ.

ಹಾಗಂತ ಹೋಗದೆ ಕೂತರೆ ಇನ್ನೂ ಕಷ್ಟ. ಕಾರಣ ತಿಳಿಸದೆ ತಪ್ಪಿಸಿಕೊಂಡರೆ ಅರ್ಜಿ ಕೈಬಿಟ್ಟಂತೆ ಎಣಿಸಿ ತಿರಸ್ಕರಿಸಬಹುದು. ಆಮೇಲೆ ಕೈಯಲ್ಲಿ ಏನೂ ಉಳಿಯಲ್ಲ. ನಾನು ವಕೀಲನಲ್ಲ, ಇದೇ ದಾರಿಯಲ್ಲಿ ಬಂದವನು ಅಷ್ಟೆ. ನನ್ನ ಸಂದರ್ಶನ ಅರ್ಧ ಗಂಟೆಯಲ್ಲಿ ಮುಗಿಯಿತು. ಮದುವೆ ಫೋಟೋದಲ್ಲಿ ಬಾಸಿಂಗ ನೋಡಿ "ಇದೇನು?" ಅಂತ ಕೇಳಿದ್ದೇ ಅವತ್ತಿನ ಕಠಿಣ ಪ್ರಶ್ನೆ! ಆಗ ನನ್ನ ವೀಸಾ ಊರ್ಜಿತವಾಗಿತ್ತು, ಅದೇ ವ್ಯತ್ಯಾಸ.

ಹೋಗುವ ಮೊದಲು ವಲಸೆ ವಕೀಲರಿಗೆ ಇಡೀ ಕಡತ ತೋರಿಸಲಿ, ಅವರನ್ನು ಜೊತೆಗೇ ಕರೆದುಕೊಂಡು ಹೋಗಲಿ. ದುಡ್ಡು ಉಳಿಸುವ ಜಾಗ ಇದಲ್ಲ. ಗಡೀಪಾರು ಕ್ರಿಮಿನಲ್ ಅಲ್ಲ, ಸಿವಿಲ್ ಪ್ರಕರಣವಾದ್ದರಿಂದ ಸಿಕ್ಕಿಬಿದ್ದ ಮೇಲೆ ಸರ್ಕಾರ ತನ್ನ ಖರ್ಚಿನಲ್ಲಿ ವಕೀಲರನ್ನು ಕೊಡಲ್ಲ. ವೀಸಾದಲ್ಲಿ ಬಂದವನು, ಅಪರಾಧದ ದಾಖಲೆ ಇಲ್ಲ ಅಂದರೆ ವಲಸೆ ನ್ಯಾಯಾಧೀಶರ ಮುಂದೆ ಬಾಂಡ್, ಅಂದರೆ ಹಣ ಕಟ್ಟಿ ಬಿಡುಗಡೆ, ಕೇಳಬಹುದು. ಕನಿಷ್ಠ 1,500 ಡಾಲರ್, ಎಷ್ಟೋ ಸಲ ಅದಕ್ಕಿಂತ ಬಹಳ ಜಾಸ್ತಿ. ವಕೀಲರು ಓದದ ಯಾವ ಕಾಗದಕ್ಕೂ ಸಹಿ ಬೇಡ. "ಸ್ವಇಚ್ಛೆಯಿಂದ ಹೊರಡುತ್ತೇನೆ" ಅನ್ನುವ ಕಾಗದಕ್ಕಂತೂ ಬೇಡವೇ ಬೇಡ.

ಅವನ ಎ-ನಂಬರ್ (ವಲಸೆ ಕಡತದ ಸಂಖ್ಯೆ) ಹೆಂಡತಿ ಹತ್ತಿರವೂ ನಿಮ್ಮ ಹತ್ತಿರವೂ ಇರಲಿ. ಅದನ್ನೂ ಹುಟ್ಟಿದ ದೇಶವನ್ನೂ ಹಾಕಿದರೆ ಯಾವ ಬಂಧನ ಕೇಂದ್ರದಲ್ಲಿದ್ದಾನೆ ಅಂತ ಐಸಿಇ ಜಾಲತಾಣದಲ್ಲಿ ಹುಡುಕಬಹುದು. ಒಳಗೆ ಮೊಬೈಲ್ ಕೈಯಲ್ಲಿರಲ್ಲ, ಹೆಂಡತಿ ನಂಬರ್ ಬಾಯಿಪಾಠ ಮಾಡಿಕೊಳ್ಳಲಿ. ನನಗೆ ಇವತ್ತಿಗೂ ಕೊನೆಯ ನಾಲ್ಕು ಅಂಕಿ ಮಾತ್ರ ನೆನಪಿರೋದು.